ಹಡಗು ಆರಿಸುವ ಮುನ್ನ: ಧಕ್ಕೆಯಲ್ಲಿ ಕಲಿತ ಪಾಠಗಳು

ಮಂಗಳೂರಿನಲ್ಲಿ ಸರಕು ಸಾಗಣೆಯ ಕಸುಬು ಹಿಡಿದವರಿಗೆ ಮೂರು ದಾರಿ ಗೊತ್ತಿರಲೇಬೇಕು. ಆಫ್ರಿಕಾದಿಂದ ಬರುವ ಕಚ್ಚಾ ಗೇರುಬೀಜದ್ದು ಒಂದು, ಯುರೋಪಿಗೆ ಹೋಗುವ ಕಾಫಿಯದ್ದು ಇನ್ನೊಂದು, ಲಕ್ಷದ್ವೀಪಕ್ಕೆ ಹೋಗುವ ಜಲ್ಲಿ, ಮರಳು, ತರಕಾರಿಯದ್ದು ಮತ್ತೊಂದು. ಈ ಮೂರರಲ್ಲೂ ಕೈಹಾಕಿ ಮೂರರಲ್ಲೂ ಕೈ ಸುಟ್ಟುಕೊಂಡವನು ನಾನು. ಹಾಗಿದ್ದೂ ಕೆಲವು ವರ್ಷಗಳಿಂದ ಪಶ್ಚಿಮ ಆಫ್ರಿಕಾದ ವ್ಯಾಪಾರಿಗಳು, ಅಲ್ಲಿಂದ ಮಾಲು ತರಿಸುವ ನಮ್ಮ ಕಾರ್ಖಾನೆಯವರು, ಒಮ್ಮೊಮ್ಮೆ ಸರ್ಕಾರದ ಯಾವುದೋ ಸಮಿತಿಯವರು ಬಂದು ಕೇಳುತ್ತಾರೆ: ಕಂಟೇನರ್ ಒಳ್ಳೆಯದೋ, ಬಿಡಿ ಚೀಲವೋ, ಬಾರ್ಜೋ, ರೋ-ರೋ ಹಡಗೋ? ಸುಟ್ಟುಕೊಂಡವನನ್ನೇ ಸಲಹೆಗಾರ ಎಂದು ಕರೆಯುವ ರೂಢಿ ಎಲ್ಲ ಕಸುಬಿನಲ್ಲೂ ಇರಬೇಕು. ನನ್ನ ಸಲಹೆಗಳು ಹಾಗಿರಲಿ. ಸಲಹೆ ಕೊಟ್ಟ ಮೇಲೆ ಏನೇನಾಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಕ್ರಮಕ್ಕೆ ಅರ್ಥವೇನಿಲ್ಲ, ನೆನಪಾದ ಹಾಗೆ ಸಂಖ್ಯೆ ಹಾಕಿದ್ದೇನೆ.

1. ಎರಡು ತುದಿಯಲ್ಲಿ ಬಡ ಬಂದರು ಯಾವುದೋ ಅಲ್ಲಿಂದ ಶುರುಮಾಡಿ

ಪಶ್ಚಿಮ ಆಫ್ರಿಕಾದ ಒಂದು ಸಣ್ಣ ಬಂದರಿನಿಂದ ಗೇರುಬೀಜದ ಚೀಲ ತರಲು ಕೆಲವು ಕಾರ್ಖಾನೆಯವರು ಒಟ್ಟು ಸೇರಿ ಇಡೀ ಹಡಗನ್ನೇ ಬಾಡಿಗೆಗೆ ಹಿಡಿಯುವುದೆಂದಾಯಿತು. ಆರಿಸುವ ಕೆಲಸ ನನಗೆ ಬಂತು. ದಲ್ಲಾಳಿ ಎರಡು ಹಡಗು ತೋರಿಸಿದ. ಒಂದಕ್ಕೆ ಸ್ವಂತ ಕ್ರೇನುಗಳಿದ್ದವು, ಬಾಡಿಗೆ ಹೆಚ್ಚು. ಇನ್ನೊಂದಕ್ಕೆ ಕ್ರೇನಿಲ್ಲ, ಆದರೆ ಬಾಡಿಗೆ ಕಡಿಮೆ, ವಯಸ್ಸು ಕಡಿಮೆ, ಎಣ್ಣೆಯ ಖರ್ಚೂ ಕಡಿಮೆ. ಟನ್ನಿಗೆ ಎಷ್ಟು ಬೀಳುತ್ತದೆಂದು ಲೆಕ್ಕ ಹಾಕಿ ಹೆಮ್ಮೆಯಿಂದ ಎರಡನೆಯದನ್ನು ಆರಿಸಿದೆ. ದಡದಲ್ಲಿ ಕ್ರೇನ್ ಇದೆಯೆಂದು ಅಲ್ಲಿನ ಏಜೆಂಟರು ಬರೆದಿದ್ದರು. ಸುಳ್ಳಲ್ಲ, ಇತ್ತು. ಕೆಟ್ಟು ನಿಂತಿತ್ತು. ಅದರ ಬಿಡಿಭಾಗ ಬೇರೊಂದು ಖಂಡದಿಂದ ಬರಬೇಕಿತ್ತು.

ಹಡಗು ಹೊರಗಡೆ ಲಂಗರು ಹಾಕಿ ನಿಂತಿತು. ದಿನ ಕಳೆದಂತೆ ಡೆಮರೇಜ್, ಅಂದರೆ ಹಡಗನ್ನು ಕಾಯಿಸಿದ್ದಕ್ಕೆ ತೆರುವ ದಂಡ, ಏರಿತು. ತಗಡಿನ ಶೆಡ್ಡಿನಲ್ಲಿ ಗೇರುಬೀಜ ಬಿಸಿಯಾಗುತ್ತಾ ಬಿದ್ದಿತ್ತು. ಕೊನೆಗೆ ಕಟ್ಟಡದ ಕೆಲಸಕ್ಕೆ ಬಳಸುವ ಲಾರಿ ಕ್ರೇನ್ ಒಂದನ್ನು ಬಾಡಿಗೆಗೆ ತಂದು ತುಂಬಿಸಿದರು. ಬಾಡಿಗೆಯಲ್ಲಿ ಉಳಿಸಿದ್ದೆಲ್ಲ ಆ ಕ್ರೇನಿಗೆ, ಡೆಮರೇಜಿಗೆ ಹೋಗಿ ಮೇಲೆ ಇನ್ನಷ್ಟು ಸೇರಿತು. ಕಾರ್ಖಾನೆಯ ಮಾಲೀಕರೊಬ್ಬರು ಬೈಯಲಿಲ್ಲ, "ನಿಮಗೆ ಒಂದು ಫೋಟೋ ಆದ್ರೂ ತರಿಸ್ಲಿಕ್ಕೆ ಆಗ್ತಿರ್ಲಿಲ್ವಾ ಮಾರಾಯ್ರೆ?" ಎಂದು ಮಾತ್ರ ಕೇಳಿದರು. ಬೈದಿದ್ದರೆ ವಾಸಿಯಿತ್ತು.

ಕ್ರೇನಿಲ್ಲದ ಹಡಗನ್ನು ಕಟ್ಟುವುದೂ ನಡೆಸುವುದೂ ಅಗ್ಗ, ಅದೇ ಗಾತ್ರದಲ್ಲಿ ಹೆಚ್ಚು ಸರಕು ಹಿಡಿಯುತ್ತದೆ. ರಾಟರ್‌ಡ್ಯಾಮಿಗೋ ನವಿ ಮುಂಬಯಿಯ ಜವಾಹರಲಾಲ್ ನೆಹರೂ ಬಂದರಿಗೋ ಹೋಗುವುದಾದರೆ ಅದೇ ಸರಿ. ದಡದ ದೊಡ್ಡ ಗ್ಯಾಂಟ್ರಿ ಕ್ರೇನ್ ಗಂಟೆಗೆ 25-30 ಕಂಟೇನರ್ ಪೆಟ್ಟಿಗೆ ಎತ್ತಿದರೆ ಹಡಗಿನ ಮೇಲಿನ ಕ್ರೇನ್ ಅದರ ಅರ್ಧದಷ್ಟು ಎತ್ತೀತು. ಆದರೆ ಸೊನ್ನೆಗೆ ಹೋಲಿಸಿದರೆ ಆ ಅರ್ಧ ಬಹಳ ದೊಡ್ಡದು. ಬಾಂಗ್ಲಾದೇಶದ ಚಟ್ಟೋಗ್ರಾಮ್ ಬಂದರು ಕರ್ಣಫುಲಿ ನದಿಯ ಒಳಗಿದೆ. ಉಬ್ಬರ ನೋಡಿಕೊಂಡೇ ಹಡಗು ಒಳಗೆ ಬರಬೇಕು, ಉದ್ದಕ್ಕೂ ಆಳಕ್ಕೂ ಮಿತಿಯುಂಟು. ಆ ದೇಶದ ಉಡುಪು ರಫ್ತು ಬೆಳೆದ ಕಾಲದಲ್ಲಿ ಅಲ್ಲಿಗೆ ಓಡಾಡಿದ್ದು ಬಹುಪಾಲು ದೊಡ್ಡ ಬಂದರಿನಿಂದ ಸರಕು ತಂದು ಮುಟ್ಟಿಸುವ, ಸ್ವಂತ ಕ್ರೇನಿನ ಸಣ್ಣ ಫೀಡರ್ ಹಡಗುಗಳೇ. ಪಠ್ಯಪುಸ್ತಕದ ಪ್ರಕಾರ ಅದು ಹಿಂದುಳಿದ ತಂತ್ರ. ವ್ಯಾಪಾರವಂತೂ ನಿಲ್ಲಲಿಲ್ಲ.

ಈಗ ಯಾರಾದರೂ ಹಡಗಿನ ವಿವರ ಕಳಿಸಿದರೆ ಅದನ್ನು ಪಕ್ಕಕ್ಕಿಟ್ಟು ಬಂದರಿನ ವಿವರ ಕೇಳುತ್ತೇನೆ. ಇಳಿತದ ಹೊತ್ತಿಗೆ ನೀರಿನ ಆಳವೆಷ್ಟು, ಹಡಗು ತಿರುಗಲು ಜಾಗವಿದೆಯೇ, ಕ್ರೇನ್ ಕೆಟ್ಟರೆ ರಿಪೇರಿ ಮಾಡುವವರು ಆ ಊರಿನಲ್ಲೇ ಇದ್ದಾರೆಯೇ. ನೆಲದ ಬಗ್ಗೆಯೂ ಕೇಳುತ್ತೇನೆ. ತುಂಬಿದ ಕಂಟೇನರ್ ಎತ್ತಿಕೊಂಡ ರೀಚ್ ಸ್ಟ್ಯಾಕರ್ ಒಟ್ಟು ನೂರು ಟನ್ನಿನ ಹತ್ತಿರ ತೂಗುತ್ತದೆ. ಅದರ ಚಕ್ರದಡಿ ಸಾಧಾರಣ ಡಾಂಬರು ನಿಲ್ಲುವುದಿಲ್ಲ.

2. ಕಂಟೇನರಿನ ಬಾಗಿಲು ಎಲ್ಲಿ ತೆರೆಯುತ್ತದೆ ಎಂಬುದೇ ಮುಖ್ಯ

1956ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂವರ್ಕಿನಿಂದ ಹ್ಯೂಸ್ಟನ್ನಿಗೆ 'ಐಡಿಯಲ್ ಎಕ್ಸ್' ಎಂಬ ಹಡಗು 58 ಪೆಟ್ಟಿಗೆ ಹೊತ್ತು ಹೋಯಿತು. ಕಂಟೇನರ್ ಯುಗ ಶುರುವಾದದ್ದು ಅಲ್ಲಿಂದ ಎಂದು ಎಲ್ಲರೂ ಹೇಳುತ್ತಾರೆ. ಅದರ ಹಿಂದಿದ್ದ ಮಾಲ್ಕಮ್ ಮೆಕ್ಲೀನ್ ಹಡಗಿನವನಲ್ಲ, ಲಾರಿಯವನು ಎಂಬುದನ್ನು ಎಷ್ಟೋ ಮಂದಿ ಹೇಳುವುದಿಲ್ಲ. ಅವನು ನೋಡಿದ್ದು ಧಕ್ಕೆಯಲ್ಲಿ ಕಾದು ನಿಂತ ಲಾರಿಯನ್ನು. ಕಳಿಸುವವರ ಬಾಗಿಲಲ್ಲಿ ಮುಚ್ಚಿದ ಪೆಟ್ಟಿಗೆ ಪಡೆಯುವವರ ಬಾಗಿಲಲ್ಲೇ ತೆರೆಯಬೇಕು, ಲಾಭ ಇರುವುದು ಅಲ್ಲಿ.

ನಾನು ಒಳನಾಡಿನ ಒಂದು ಗೇರು ಕಾರ್ಖಾನೆಗೆ ಕಂಟೇನರನ್ನು ನೇರ ತರಿಸಿರೆಂದು ಬಲವಂತ ಮಾಡಿದೆ. ಬಂದರಿನಿಂದ ಕಾರ್ಖಾನೆಯವರೆಗೆ ರಸ್ತೆಯೇನೋ ಇತ್ತು. ಕೊನೆಯ ತಿರುವಿನಲ್ಲಿ ಟ್ರೇಲರ್ ಹೊರಳಲೇ ಇಲ್ಲ. ಅದಕ್ಕೂ ಮೊದಲು ಸಿಗುವ ತೋಡಿನ ಸೇತುವೆಯ ಮೇಲೆ ಅಷ್ಟು ಭಾರ ಹೋಗಬಾರದೆಂದು ಪಂಚಾಯತಿಯ ಬೋರ್ಡೇ ಇತ್ತು. ಪೆಟ್ಟಿಗೆಗಳನ್ನು ವಾಪಸು ಪಣಂಬೂರಿನ ಬಂದರಿಗೆ ಒಯ್ದು, ಅಲ್ಲೇ ತೆರೆದು, ಚೀಲಗಳನ್ನು ಸಣ್ಣ ಲಾರಿಗೆ ಹೊತ್ತುಹಾಕಿದರು. ಕಂಟೇನರಿನ ಬಾಡಿಗೆ ಕೊಟ್ಟು, ಬಿಡಿ ಚೀಲದ ಕೂಲಿಯನ್ನೂ ಕೊಟ್ಟು, ತಡವಾಗಿ ಹಿಂತಿರುಗಿಸಿದ್ದಕ್ಕೆ ದಂಡವನ್ನೂ ಕೊಟ್ಟದ್ದಾಯಿತು.

ಘಟ್ಟದ ಮೇಲಿನ ಕಾಫಿಗೆ ಬೇರೆ ಕತೆ. ಹಾಸನ, ಚಿಕ್ಕಮಗಳೂರು, ಕೊಡಗಿನ ಕ್ಯೂರಿಂಗ್ ಕೇಂದ್ರಗಳಲ್ಲೇ ಪೆಟ್ಟಿಗೆ ತುಂಬಿಸಿ ಸೀಲ್ ಮಾಡಿ ಇಳಿಸಬಹುದು, ಹಾಗೆ ಮಾಡುತ್ತಲೂ ಇದ್ದಾರೆ. ಆದರೆ ಮಂಗಳೂರಿಗೆ ಇಳಿಯುವ ಶಿರಾಡಿ ಘಾಟಿಯ ರಸ್ತೆ ಬಂದಾದರೆ? 2018ರ ಮಳೆಯಲ್ಲಿ ಗುಡ್ಡ ಕುಸಿದು ಭಾರಿ ವಾಹನಗಳಿಗೆ ಆ ದಾರಿ ಮುಚ್ಚಿದಾಗ ಕಂಟೇನರ್ ಎಂಬ ಅದ್ಭುತ ಘಟ್ಟದ ಮೇಲೆಯೇ ಕೂತಿತ್ತು. ಹಾಗಂತ ಕಂಟೇನರೇ ಬೇಡವೆಂದೂ ಹೇಳಲಾರೆ. ಸಮುದ್ರವೇ ಇಲ್ಲದ ದೇಶಗಳನ್ನು ನೋಡಿ. ಮೊಂಬಾಸಾದಿಂದ ಕಂಪಾಲಾಕ್ಕೆ ರಸ್ತೆಯಲ್ಲಿ ಸಾವಿರಕ್ಕೂ ಹೆಚ್ಚು ಕಿಲೋಮೀಟರು, ನಡುವೆ ಗಡಿ. ಇಥಿಯೋಪಿಯಾದ ಸರಕು ಬಹುಪಾಲು ಬರುವುದು ಜಿಬೂಟಿಯ ಮೂಲಕ, ಅಲ್ಲಿಂದ ಲಾರಿಯಲ್ಲೋ 2018ರಲ್ಲಿ ವಾಣಿಜ್ಯ ಓಡಾಟ ಆರಂಭಿಸಿದ ವಿದ್ಯುತ್ ರೈಲಿನಲ್ಲೋ ಮೋಜೋದ ಒಣ ಬಂದರಿಗೆ. ಗಡಿಯಲ್ಲಿ ತೆರೆಯದೆ ದಾಟಿಸಬಹುದಾದ ಸೀಲ್ ಹಾಕಿದ ಪೆಟ್ಟಿಗೆ ಅಂಥ ಕಡೆ ನಿಜಕ್ಕೂ ದೊಡ್ಡ ಉಪಕಾರ.

3. ಸರಕು ಉಸಿರಾಡುತ್ತದೆ

ಇದನ್ನು ಕಲಿಯಲು ನಾನು ಕೊಟ್ಟ ಫೀಸು ಎಲ್ಲಕ್ಕಿಂತ ಹೆಚ್ಚು.

ಪಶ್ಚಿಮ ಆಫ್ರಿಕಾದಲ್ಲಿ ಗೇರು ಕೊಯ್ಲು ಸುಮಾರು ಫೆಬ್ರವರಿಯಿಂದ ಜೂನ್‌ವರೆಗೆ. ಋತುವಿನ ಕೊನೆಗೆ ಬೆಲೆ ಇಳಿಯುತ್ತದೆ, ಮಳೆಯೂ ಶುರುವಾಗುತ್ತದೆ. ಇಳಿದ ಬೆಲೆ ನನಗೆ ಕಂಡಿತು, ಮಳೆ ಕಾಣಲಿಲ್ಲ. ಕಚ್ಚಾ ಗೇರುಬೀಜದಲ್ಲಿ ತೇವಾಂಶ ಶೇಕಡಾ 8ರಿಂದ 10ರೊಳಗೆ ಇರಬೇಕು. ನಮ್ಮದು ಅದಕ್ಕಿಂತ ಹೆಚ್ಚಿತ್ತು, ಅಳೆಯುವ ಮೀಟರ್ ಅಲ್ಲಿ ಯಾರ ಬಳಿಯೂ ಇರಲಿಲ್ಲ, ನಾನೂ ಕಳಿಸಿರಲಿಲ್ಲ. ಸಾಮಾನ್ಯ ಕಂಟೇನರಿಗೆ ತುಂಬಿ ಬಾಗಿಲು ಹಾಕಿದರು. ಹಗಲು ಬಿಸಿಲಿಗೆ ಲೋಹದ ಛಾವಣಿ ಕಾಯುತ್ತದೆ, ಬೀಜದಿಂದ ಆವಿ ಏಳುತ್ತದೆ. ರಾತ್ರಿ ಛಾವಣಿ ತಣ್ಣಗಾದಾಗ ಆ ಆವಿ ಅನ್ನದ ಪಾತ್ರೆಯ ಮುಚ್ಚಳದ ಒಳಗೆ ನೀರು ಕಟ್ಟುವ ಹಾಗೆ ಕಟ್ಟಿ ಕೆಳಗೆ ತೊಟ್ಟಿಕ್ಕುತ್ತದೆ. ನಡುವೆ ಕೊಲಂಬೊದಲ್ಲಿ ಫೀಡರ್ ಹಡಗಿಗೆ ಕಾಯುತ್ತಾ ಬಿಸಿಲಿನಲ್ಲಿ ಇನ್ನಷ್ಟು ದಿನ. ಮಂಗಳೂರಿನಲ್ಲಿ ಬಾಗಿಲು ತೆಗೆದಾಗ ಮೇಲಿನ ಸಾಲಿನ ಚೀಲಗಳು ಕಪ್ಪಾಗಿದ್ದವು. ಕೆಲವು ಬೀಜ ಮೊಳಕೆಯೊಡೆದಿದ್ದವು. ಹಮಾಲಿಯೊಬ್ಬ ಮೂಗು ಮುಚ್ಚಿಕೊಂಡು ನನ್ನ ಮುಖ ನೋಡಿದ.

ಹಳೆಯ ಪದ್ಧತಿಯಲ್ಲಿ ಹಡಗಿನ ಹೊಟ್ಟೆಯಲ್ಲಿ ಚೀಲ ಪೇರಿಸುವಾಗ ನಡುನಡುವೆ ಗಾಳಿಗೆ ದಾರಿ ಬಿಡುತ್ತಿದ್ದರು, ದಾರಿಯಲ್ಲಿ ಹವೆ ನೋಡಿಕೊಂಡು ಗಾಳಿ ಆಡಿಸುತ್ತಿದ್ದರು. ಕಂಟೇನರಿನಲ್ಲಿ ಅದನ್ನು ಮಾಡುವವರು ಯಾರೂ ಇಲ್ಲ. ಅದಕ್ಕೆ ಬದಲು ಒಳಗೋಡೆಗೆ ದಪ್ಪ ಕ್ರಾಫ್ಟ್ ಕಾಗದ, ತೇವ ಹೀರುವ ಚೀಲಗಳು, ಒಣಗಿದ ಮರದ ನೆಲ ಬೇಕು. ಸಾಧ್ಯವಾದರೆ ಗಾಳಿ ಕಿಂಡಿಯಿರುವ ಪೆಟ್ಟಿಗೆ. ಎಲ್ಲಕ್ಕಿಂತ ಮೊದಲು ಸರಕೇ ಒಣಗಿರಬೇಕು. ರೈತರ ಮಟ್ಟದಲ್ಲಿ ಒಣಗಿಸುವ ಅಂಗಳಕ್ಕೆ ಹಾಕಿದ ಹಣ ಹಡಗಿಗೆ ಹಾಕಿದ ಹಣಕ್ಕಿಂತ ಹೆಚ್ಚು ಸಲ ಹಿಂತಿರುಗಿದೆ ಎಂಬುದು ನನ್ನ ಅನಿಸಿಕೆ. ಇದನ್ನು ಸಾಗಣೆ ತಂತ್ರಜ್ಞಾನದ ಸಭೆಯಲ್ಲಿ ಹೇಳಿದರೆ ವಿಷಯಾಂತರ ಎನ್ನುತ್ತಾರೆ.

ತೇವ ಎಲ್ಲ ಕಾಲಕ್ಕೂ ಶತ್ರುವೇನಲ್ಲ. ಹಾಯಿ ಹಡಗಿನ ಕಾಲದಲ್ಲಿ ನಮ್ಮ ಕರಾವಳಿಯಿಂದ ಹೊರಟ ಕಾಫಿ ಆಫ್ರಿಕಾದ ತುದಿ ಸುತ್ತಿ ತಿಂಗಳುಗಟ್ಟಲೆ ಪ್ರಯಾಣ ಮಾಡಿ ಯುರೋಪ್ ಸೇರುವಾಗ ಕಡಲ ತೇವ ಹೀರಿ ಊದಿ ಬಣ್ಣ ತಿರುಗುತ್ತಿತ್ತಂತೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಉಗಿಹಡಗು ಬೇಗ ಮುಟ್ಟತೊಡಗಿದ ಮೇಲೆ ಅಲ್ಲಿನ ಗಿರಾಕಿಗಳಿಗೆ ಹಳೆಯ ರುಚಿ ಸಿಗಲಿಲ್ಲವೆಂಬುದು ಕಾಫಿಯವರು ಹೇಳುವ ಕತೆ. ಈಗ ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಬೀಜ ಹರವಿ ಅದೇ ರುಚಿಯನ್ನು ಬೇಕೆಂದೇ ತರಿಸಿ 'ಮಾನ್ಸೂನ್ಡ್ ಮಲಬಾರ್' ಎಂದು ಮಾರುತ್ತಾರೆ. ನನ್ನ ಕಪ್ಪು ಗೇರುಬೀಜಕ್ಕೆ ಅಂಥ ಹೆಸರು ಯಾರೂ ಕೊಡಲಿಲ್ಲ.

4. ಮಂಜಿಯನ್ನು ಹಳತೆಂದು ತಳ್ಳುವ ಮೊದಲು ಅದರಲ್ಲಿ ಒಮ್ಮೆ ಹೋಗಿಬನ್ನಿ

ಲಕ್ಷದ್ವೀಪದ ಸಾಗಣೆಯ ಬಗ್ಗೆ ಒಂದು ಟಿಪ್ಪಣಿ ಬರೆಯಲು ನನಗೆ ಹೇಳಿದ್ದರು. ಮಂಗಳೂರಿನ ಹಳೆ ಬಂದರಿನಲ್ಲಿ ಸಾಲಾಗಿ ನಿಂತ ಮಂಜಿ ಎಂಬ ಮರದ ಸರಕು ದೋಣಿಗಳು, ತಲೆಯ ಮೇಲೆ ಜಲ್ಲಿ ಬುಟ್ಟಿ ಹೊತ್ತು ಹಲಗೆ ಮೇಲೆ ಓಡಾಡುವ ಜನ, ಕೋಳಿ ಗೂಡು, ಟೊಮೆಟೊ ಕ್ರೇಟು, ಸಿಮೆಂಟು ಇವೆಲ್ಲ ಕಂಡು ನನಗೆ ಇದು ಹೋದ ಶತಮಾನದ್ದು ಎನ್ನಿಸಿತು. ಸಣ್ಣ ಕಂಟೇನರ್ ಬಾರ್ಜುಗಳನ್ನು ಓಡಿಸಬೇಕೆಂದು ನಕಾಶೆ ಸಮೇತ ಬರೆದೆ. ಬರೆದದ್ದನ್ನು ಮಂಜಿ ನಡೆಸುವ ಹಿರಿಯ ತಂಡೇಲರೊಬ್ಬರಿಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿದರು. ಕೊನೆಗೆ, "ಪೆಟ್ಟಿಗೆ ಅಲ್ಲಿ ಇಳಿಸುವುದು ಯಾರು ಮಾರಾಯ್ರೆ? ನಾನಾ?" ಎಂದರು.

ದ್ವೀಪಗಳ ಸುತ್ತ ಹವಳದ ದಿಬ್ಬ, ಒಳಗೆ ಆಳವಿಲ್ಲದ ಲಗೂನು. ದೊಡ್ಡ ಹಡಗು ಹೊರಗೇ ನಿಲ್ಲಬೇಕು, ಜನರನ್ನೂ ಸಾಮಾನನ್ನೂ ದೋಣಿಗೆ ಇಳಿಸಿ ಒಳಗೆ ಒಯ್ಯಬೇಕು. ಇಪ್ಪತ್ತು ಅಡಿಯ ಪೆಟ್ಟಿಗೆ ಎತ್ತುವ ಕ್ರೇನನ್ನು ಅಂಥ ಪ್ರತಿ ಜೆಟ್ಟಿಯಲ್ಲೂ ಕಟ್ಟಿಸಿ, ವಾರಕ್ಕೆ ಕೆಲವೇ ಗಂಟೆ ಓಡಿಸಿ, ಉಪ್ಪು ಗಾಳಿಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದು ಯಾರು? ಮಂಜಿಗೆ ಆಳ ಬೇಡ, ಕ್ರೇನ್ ಬೇಡ. ಒಬ್ಬ ಅಂಗಡಿಯವನ ಹತ್ತು ಮೂಟೆ ಈರುಳ್ಳಿಯೂ ಒಬ್ಬರ ಮನೆ ಕಟ್ಟುವ ಮರಳೂ ಒಂದೇ ಪ್ರಯಾಣದಲ್ಲಿ ಹೋಗುತ್ತವೆ. ಕಚ್ಛದ ಮಾಂಡವಿಯಲ್ಲಿ ಕಟ್ಟಿದ ಮರದ ವಹಾಣಗಳು ಸೊಮಾಲಿಯಾ, ಯೆಮನ್ ಕಡೆಯ ಬಂದರುಗಳಿಗೆ ಇಂದಿಗೂ ಹೋಗುವುದು, ಇಂಡೊನೇಷ್ಯಾದ ಪಿನಿಸಿ ದೋಣಿಗಳು ಜಕಾರ್ತದ ಸುಂದಾ ಕೆಲಾಪಾದಲ್ಲಿ ಬಹುಕಾಲ ಸಾಲುಗಟ್ಟಿ ನಿಂತದ್ದು ಇದೇ ಕಾರಣಕ್ಕೆ. ದೊಡ್ಡ ಲೈನರ್ ಹಡಗಿಗೆ ಲಾಭವಾಗದ ಊರು, ಸಣ್ಣ ಪ್ರಮಾಣದ ಮಾಲು.

ಹಾಗಂತ ಮಂಜಿಯ ಮೇಲೆ ಕವನ ಬರೆಯುವವರ ಜೊತೆಗೂ ನಾನಿಲ್ಲ. ಮಳೆಗಾಲದಲ್ಲಿ ಅವು ಹೊರಡುವಂತಿಲ್ಲ, ದ್ವೀಪದವರು ಅಷ್ಟು ತಿಂಗಳಿಗೆ ಬೇಕಾದದ್ದನ್ನು ಮೊದಲೇ ತರಿಸಿಟ್ಟುಕೊಳ್ಳಬೇಕು. ಹಳೆ ಬಂದರಿನ ಅಳಿವೆ ಬಾಗಿಲಿನಲ್ಲಿ ಹೂಳು ತುಂಬಿದಾಗ ದಾಟುವುದು ಜೀವದ ಮಾತು. ಮುಳುಗಿದ ಮಂಜಿಗಳಿವೆ, ವಿಮೆ ಸಿಗದ ಖಲಾಸಿಗಳಿದ್ದಾರೆ. ನನ್ನ ಟಿಪ್ಪಣಿಯನ್ನು ಹರಿದುಹಾಕಿ ಇನ್ನೊಂದು ಬರೆದೆ: ಹೂಳೆತ್ತಿ, ಎಲ್ಲ ದೋಣಿಗೂ ರೇಡಿಯೊ ಮತ್ತು ಜೀವರಕ್ಷಕ ಜಾಕೆಟ್ ಕೊಡಿ, ಸರಕು ಹೆಚ್ಚಿರುವ ದ್ವೀಪಕ್ಕೆ ಮಾತ್ರ ಮುಂದಿನ ಬಾಗಿಲು ತೆರೆದು ಲಾರಿ ಇಳಿಸಬಲ್ಲ ಲ್ಯಾಂಡಿಂಗ್ ಕ್ರಾಫ್ಟ್ ಓಡಿಸಿ ನೋಡಿ. ನೀರಸ ಟಿಪ್ಪಣಿ. ನಕಾಶೆ ಇರಲಿಲ್ಲವಾದ್ದರಿಂದ ಯಾರೂ ಓದಲಿಲ್ಲವೆಂದು ನನ್ನ ಗುಮಾನಿ.

5. ಒಂದೇ ಬಗೆಯ ಹಡಗಿಗೆ ಕಟ್ಟುಬಿದ್ದ ತಂತ್ರಕ್ಕೆ ಮರುಳಾಗಬೇಡಿ

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಲ್ಯಾಶ್ ಹಡಗುಗಳ ಹುಚ್ಚಿತ್ತು. ಬಾರ್ಜುಗಳನ್ನೇ ಹೊಟ್ಟೆಯಲ್ಲಿ ಹೊತ್ತೊಯ್ಯುವ ತಾಯಿ ಹಡಗು ಅದು. ಮೊದಲನೆಯದು 1969ರಲ್ಲಿ ಓಡಿದ 'ಅಕೇಡಿಯಾ ಫಾರೆಸ್ಟ್'. ಒಂದೊಂದು ಬಾರ್ಜಿನಲ್ಲಿ ಸುಮಾರು 370 ಟನ್ ಸರಕು. ಬಂದರಿಗೆ ಹೋಗುವುದೇ ಬೇಡ, ಹೊರಗೆ ನಿಂತು ಬಾರ್ಜು ಇಳಿಸಿದರೆ ಟಗ್ ದೋಣಿ ಅದನ್ನು ನದಿಯೊಳಗೆ ನೂರಾರು ಮೈಲಿ ಎಳೆದೊಯ್ಯುತ್ತದೆ. ನದಿಗಳಿರುವ, ಧಕ್ಕೆಗಳಿಲ್ಲದ ದೇಶಕ್ಕೆ ಹೇಳಿ ಮಾಡಿಸಿದ್ದು ಎಂದು ಕಂಡವರಿಗೆಲ್ಲ ವಿವರಿಸುತ್ತಿದ್ದೆ.

ಒಳಗೆ ಹೋದ ಬಾರ್ಜುಗಳು ಹೊತ್ತಿಗೆ ಸರಿಯಾಗಿ ಹಿಂದಿರುಗುವುದಿಲ್ಲ ಎಂಬುದು ಆಗ ನನಗೆ ಹೊಳೆದಿರಲಿಲ್ಲ. ತಾಯಿ ಹಡಗು ದುಬಾರಿ, ಬೇರೆ ಕೆಲಸಕ್ಕೆ ಬಾರದು. ಆ ಬಾರ್ಜನ್ನು ಬೇರೆ ಬಗೆಯ ಹಡಗಿಗೆ ಏರಿಸಲಾಗದು. ಕಂಟೇನರಾದರೋ ಅಂತರರಾಷ್ಟ್ರೀಯ ಅಳತೆಗೆ ಒಪ್ಪಿ, ಯಾವ ಹಡಗಿಗೂ ಯಾವ ಟ್ರೇಲರಿಗೂ ಕೂರುವಂತಾಯಿತು. ಲ್ಯಾಶ್ ಹಿಂದೆ ಸರಿಯಿತು. ಒಳ್ಳೆಯ ಯಂತ್ರ ಸೋತು ಸಾಧಾರಣ ಪೆಟ್ಟಿಗೆ ಗೆದ್ದದ್ದು ನನಗೆ ಬಹಳ ದಿನ ಬೇಸರ ತಂದಿತ್ತು.

ತುರ್ತಿಗೆ ತರುವ ತಂತ್ರದ ಲೆಕ್ಕ ಬೇರೆ. 1975ರಲ್ಲಿ ನೈಜೀರಿಯಾ ಸುಮಾರು 2 ಕೋಟಿ ಟನ್ ಸಿಮೆಂಟಿಗೆ ಆರ್ಡರ್ ಕೊಟ್ಟು ಕೂತಿತ್ತು. ಲಾಗೋಸ್ ಬಂದರು ವರ್ಷಕ್ಕೆ ಇಳಿಸಿಕೊಳ್ಳಬಲ್ಲದ್ದು ಅದರಲ್ಲಿ ಸಣ್ಣದೊಂದು ಪಾಲು. ನಾನೂರಕ್ಕೂ ಹೆಚ್ಚು ಹಡಗು ಹೊರಗೆ ಕಾದವು, ಒಳಗಿನ ಸಿಮೆಂಟು ಕಾದು ಕಾದು ಗಟ್ಟಿಯಾಯಿತು, ಡೆಮರೇಜ್ ದುಡ್ಡಿನ ಆಸೆಗೇ ಬಂದ ಮುದಿ ಹಡಗುಗಳೂ ಇದ್ದವಂತೆ. ಅದೇ ದಶಕದಲ್ಲಿ ಜಿದ್ದಾದಲ್ಲೂ ಇಂಥದೇ ದಟ್ಟಣೆ. ಆಗ ರೋ-ರೋ ಹಡಗುಗಳು ಕೈಹಿಡಿದವು: ಇಳಿಜಾರು ಹಲಗೆ ಇಳಿಸಿದರೆ ಲಾರಿ ತಾನೇ ಓಡಿ ಹೊರಗೆ ಬರುತ್ತದೆ, ಕ್ರೇನಿಗೆ ಕಾಯಬೇಕಿಲ್ಲ. ಜಾಗ ವ್ಯರ್ಥ, ಬಾಡಿಗೆ ಹೆಚ್ಚು, ಆದರೂ ಕಾಯುವುದಕ್ಕಿಂತ ಅಗ್ಗ. ದಟ್ಟಣೆ ಇಳಿದ ಮೇಲೆ ಆ ಲೆಕ್ಕವೂ ಬದಲಾಯಿತು. ನೈಜೀರಿಯಾದ ನಿಜವಾದ ತಪ್ಪು ಹಡಗಿನಲ್ಲಿರಲಿಲ್ಲ, ಆರ್ಡರ್ ಪುಸ್ತಕದಲ್ಲಿತ್ತು.

6. ಖಾಲಿ ಪೆಟ್ಟಿಗೆ ಎಲ್ಲಿಂದ ಬರುತ್ತದೆಂದು ಕೇಳಿ

ಕಾಫಿ ಭಾರದ ಸರಕು. 60 ಕಿಲೋದ 320 ಚೀಲ ಹಾಕಿದರೆ ಇಪ್ಪತ್ತು ಅಡಿಯ ಪೆಟ್ಟಿಗೆಯಲ್ಲಿ 19.2 ಟನ್ ಆಗುತ್ತದೆ. ಚೀಲ ಬಿಟ್ಟು ಪೆಟ್ಟಿಗೆಗೆ ಹೊದಿಸಿದ ದೊಡ್ಡ ಒಳಪದರದೊಳಗೆ ಸಡಿಲವಾಗಿ ಸುರಿದರೆ ಸುಮಾರು 21 ಟನ್. ನಲವತ್ತು ಅಡಿಯದ್ದಕ್ಕೆ ಇದರ ಎರಡರಷ್ಟು ಹಾಕುವಂತಿಲ್ಲ, ತೂಕದ ಮಿತಿ ಮೊದಲೇ ಅಡ್ಡ ಬರುತ್ತದೆ. ಬಡ ದೇಶಗಳು ಕಳಿಸುವುದು ಹೆಚ್ಚಾಗಿ ಇಂಥದೇ: ಕಾಫಿ, ಕೋಕೋ, ಗೇರು, ಅದಿರು. ತರಿಸುವುದು ಬಟ್ಟೆ, ಪ್ಲಾಸ್ಟಿಕ್, ಟಿವಿ, ಪೀಠೋಪಕರಣ ಮುಂತಾದ ಹಗುರ ಸಾಮಾನು, ಅದು ಬರುವುದು ನಲವತ್ತು ಅಡಿಯದ್ದರಲ್ಲಿ. ಹಾಗಾಗಿ ಬಂದರಿನಲ್ಲಿ ಖಾಲಿ ಪೆಟ್ಟಿಗೆಗಳ ಗುಡ್ಡವೇ ಇದ್ದರೂ ನಮಗೆ ಬೇಕಾದ ಅಳತೆಯದ್ದು ಸಿಗುವುದಿಲ್ಲ. ಸಿಕ್ಕಿದರೂ ಹಿಂದೆ ಅದರಲ್ಲಿ ರಾಸಾಯನಿಕವೋ ಮೀನಿನ ಹಿಟ್ಟೋ ಬಂದಿದ್ದರೆ ಕಾಫಿಗೆ ಆಗದು. ಮೂಸಿ ನೋಡಿ ತಿರಸ್ಕರಿಸುವ ಅನುಭವಸ್ಥರು ಕ್ಯೂರಿಂಗ್ ಕೇಂದ್ರಗಳಲ್ಲಿದ್ದಾರೆ. ಒಮ್ಮೆ ನಾನು ಅವರ ಮೂಗಿನ ಜೊತೆ ವಾದಕ್ಕಿಳಿದು ಸೋತೆ.

2021ರಲ್ಲಿ ಕೋವಿಡ್ ನಂತರದ ಗೊಂದಲದಲ್ಲಿ ಪೆಟ್ಟಿಗೆಗಳೆಲ್ಲ ಚೀನಾ–ಅಮೆರಿಕ ದಾರಿಗೆ ಹರಿದುಹೋದವು. ಅಲ್ಲಿ ಬಾಡಿಗೆ ಹೆಚ್ಚು, ಕಂಪನಿಗಳು ಖಾಲಿಯನ್ನೇ ಓಡಿಸಿಕೊಂಡು ಹೋದವು. ನಮ್ಮ ರಫ್ತುದಾರರು ಪೆಟ್ಟಿಗೆಗಾಗಿ ಪರದಾಡಿದರು. ಆ ಹೊತ್ತಿನಲ್ಲಿ ಬ್ರೆಜಿಲಿನ ಕೆಲವರು ಕಾಫಿಯನ್ನು ದೊಡ್ಡ ಚೀಲಗಳಲ್ಲಿ ತುಂಬಿ ಮತ್ತೆ ಕಂಟೇನರಿಲ್ಲದ ಹಳೆಯ ಮಾದರಿಯ ಬ್ರೇಕ್‌ಬಲ್ಕ್ ಹಡಗಿನಲ್ಲಿ ಕಳಿಸಿದರು. ಪಶ್ಚಿಮ ಆಫ್ರಿಕಾದ ಕೋಕೋ ಆ್ಯಮ್‌ಸ್ಟರ್‌ಡ್ಯಾಮಿಗೆ ಹಡಗಿನ ಹೊಟ್ಟೆಯಲ್ಲಿ ಸಡಿಲವಾಗಿ ಹೋಗುವುದು ಅದಕ್ಕೂ ಮುಂಚಿನಿಂದಲೇ ಇದೆ. ಸತ್ತಿತೆಂದು ನಾನು ಬರೆದಿದ್ದ ತಂತ್ರ ಎದ್ದು ಕೂತಿತು. ಈಗ ಯಾವ ಒಪ್ಪಂದದಲ್ಲೂ ಎರಡನೆಯ ದಾರಿಗೆ ಒಂದು ಸಾಲು ಜಾಗ ಬಿಡಿಸುತ್ತೇನೆ.

7. ಎಣ್ಣೆ ಬೆಲೆಯ ಶಿಖರದಲ್ಲಿ ಕೂತು ಲೆಕ್ಕ ಹಾಕಬೇಡಿ

2008ರ ಜುಲೈನಲ್ಲಿ ಕಚ್ಚಾತೈಲ ಬ್ಯಾರೆಲಿಗೆ 147 ಡಾಲರ್ ಮುಟ್ಟಿತ್ತು. ಅದೇ ಬೆಲೆ ಹಿಡಿದು ನಿಧಾನವಾಗಿ ಹೋಗುವ, ಹಾಯಿ ಜೋಡಿಸಿದ ಸಣ್ಣ ಹಡಗುಗಳ ಪರವಾಗಿ ಒಂದು ಲೆಕ್ಕ ಮಾಡಿಕೊಟ್ಟೆ. ಡಿಸೆಂಬರ್ ಹೊತ್ತಿಗೆ ಬೆಲೆ 40ಕ್ಕಿಂತ ಕೆಳಗಿಳಿದಿತ್ತು. ಲೆಕ್ಕ ಕೇಳಿದ್ದವರು ಮತ್ತೆ ಫೋನ್ ಮಾಡಲಿಲ್ಲ. 1980ರ ದಶಕದಲ್ಲಿ ಫಿಜಿಯಲ್ಲೂ ದ್ವೀಪಗಳ ನಡುವೆ ಓಡುವ ಹಡಗುಗಳಿಗೆ ಹಾಯಿ ಜೋಡಿಸಿ ನೋಡಿದ್ದರು, ಎಣ್ಣೆ ಉಳಿಯಿತು ಕೂಡ. ತೈಲ ಅಗ್ಗವಾದ ಮೇಲೆ ಉತ್ಸಾಹ ಇಳಿಯಿತು. ಮಾರ್ಷಲ್ ದ್ವೀಪಗಳಿಗೆ 2024ರಲ್ಲಿ 'ಜುರೆನ್ ಆಯೆ' ಎಂಬ 48 ಮೀಟರಿನ ಹಾಯಿ ಸರಕು ಹಡಗು ಬಂದಿದೆ. ಅದರ ಲೆಕ್ಕವನ್ನು ಎಣ್ಣೆ ಅಗ್ಗವಾದ ವರ್ಷವೊಂದರ ನಂತರವೇ ನೋಡಬೇಕೆಂದಿದ್ದೇನೆ.

8. ಕಾಗದ ಹಡಗಿಗಿಂತ ನಿಧಾನವಾದರೆ ವೇಗದ ಹಡಗು ಬೇಡ

ಬೇಗ ಮುಟ್ಟುವ ಸೇವೆಯೆಂದು ಹೆಚ್ಚು ಬಾಡಿಗೆ ಕೊಟ್ಟು ಮಾಲು ತರಿಸಿದೆ. ಮಾಲು ಬಂದು ಯಾರ್ಡಿನಲ್ಲಿ ಕೂತಿತ್ತು, ಮಾಲು ಬಿಡಿಸಿಕೊಳ್ಳಲು ಬೇಕಾದ ಮೂಲ ಬಿಲ್ ಆಫ್ ಲೇಡಿಂಗ್ ಬ್ಯಾಂಕಿನಿಂದ ಬ್ಯಾಂಕಿಗೆ ಕೊರಿಯರಿನಲ್ಲಿ ಬರುತ್ತಲೇ ಇತ್ತು. ಕೊಟ್ಟ ಹೆಚ್ಚಿನ ಬಾಡಿಗೆ ಯಾರ್ಡಿನ ಬಾಡಿಗೆಗೆ ಜೊತೆಯಾಯಿತು. ಕಸ್ಟಮ್ಸ್ ಕೆಲಸವನ್ನು ಕಂಪ್ಯೂಟರಿಗೆ ತರುವ ಅಸಿಕುಡಾ ಎಂಬ ವ್ಯವಸ್ಥೆಯನ್ನು ವಿಶ್ವಸಂಸ್ಥೆಯ ಅಂಕ್ಟಾಡ್ 1980ರ ದಶಕದಲ್ಲಿ ಪಶ್ಚಿಮ ಆಫ್ರಿಕಾದ ದೇಶಗಳಿಗಾಗಿ ರೂಪಿಸಿತು. ಈಗ ಅದು ಹತ್ತಾರು ದೇಶಗಳಲ್ಲಿದೆ. ಹಡಗಿನಷ್ಟು ಚಂದದ ಫೋಟೋ ಬರುವುದಿಲ್ಲವಾದರೂ ಬಹಳ ಕಡೆ ಹಡಗಿಗಿಂತ ಹೆಚ್ಚು ಕೆಲಸ ಮಾಡಿದೆ. 2016ರ ಜುಲೈಯಿಂದ ತುಂಬಿದ ಪ್ರತಿ ಕಂಟೇನರಿನ ತೂಕ ದೃಢೀಕರಿಸಿಯೇ ಹಡಗಿಗೆ ಏರಿಸಬೇಕೆಂಬ ನಿಯಮ ಬಂದಾಗ, ಲಾರಿ ತೂಗುವ ವೇಬ್ರಿಜ್ ಇಲ್ಲದ ಊರುಗಳಿಗೆ ಮೊದಲು ಬೇಕಾದದ್ದು ಆ ವೇಬ್ರಿಜ್ಜೇ ಆಗಿತ್ತು.

9. ಹಡಗು ಹೊಸದೇ ಎಂದು ಕೇಳಿದರೆ ಸಾಲದು

ಸಣ್ಣ ದಾರಿಗಳಿಗೆ ಮುದಿ ಹಡಗುಗಳೇ ಬರುವುದು ಮಾಮೂಲು. ದೊಡ್ಡ ದಾರಿಯಲ್ಲಿ ದುಡಿದು ಸವೆದ ಮೇಲೆ ಅವು ಫೀಡರ್ ಆಗಿ ನಮ್ಮ ಕಡೆ ಇಳಿಯುತ್ತವೆ, ಬಾಡಿಗೆಯೂ ಕಡಿಮೆ. ನಾನೂ ಬಾಡಿಗೆ ನೋಡಿಯೇ ಆರಿಸಿದ್ದೇನೆ, ಎಷ್ಟೋ ಸಲ ವಯಸ್ಸು ಕೇಳಿಯೇ ಇಲ್ಲ. 2025ರ ಮೇ 25ರಂದು ಕೊಚ್ಚಿಯ ಹೊರಗೆ 'ಎಂಎಸ್‌ಸಿ ಎಲ್ಸಾ 3' 640 ಕಂಟೇನರುಗಳೊಂದಿಗೆ ಮುಳುಗಿತು. ಅದಕ್ಕೆ 28 ವರ್ಷ ವಯಸ್ಸು. ಕೇರಳದ ದಡಕ್ಕೆ ಪೆಟ್ಟಿಗೆಗಳೂ ಪ್ಲಾಸ್ಟಿಕ್ ಕಾಳುಗಳೂ ಬಂದು ಬಿದ್ದಾಗ ವಯಸ್ಸಿನ ಬಗ್ಗೆ ಎಲ್ಲರೂ ಮಾತಾಡಿದರು, ನಾನೂ ಒಂದು ಸಭೆಯಲ್ಲಿ ಜೋರಾಗಿಯೇ ಮಾತಾಡಿದೆ. ಕೆಳಗೆ ಕೂತಿದ್ದ ಹುಡುಗಿಯೊಬ್ಬಳು ಎದ್ದು, "ಸರ್, ಎಕ್ಸ್‌ಪ್ರೆಸ್ ಪರ್ಲ್?" ಎಂದಳು. 2021ರಲ್ಲಿ ಕೊಲಂಬೊದ ಹೊರಗೆ ಉರಿದು ಮುಳುಗಿದ ಆ ಹಡಗು ಓಡಲು ಶುರುಮಾಡಿ ಕೆಲವೇ ತಿಂಗಳಾಗಿತ್ತು. ಒಂದು ಪೆಟ್ಟಿಗೆಯಿಂದ ನೈಟ್ರಿಕ್ ಆಮ್ಲ ಸೋರುತ್ತಿತ್ತು, ದಾರಿಯಲ್ಲಿ ಸಿಕ್ಕ ಬಂದರುಗಳಲ್ಲಿ ಅದನ್ನು ಇಳಿಸಲಾಗಲಿಲ್ಲ. ಶ್ರೀಲಂಕಾದ ಮೀನುಗಾರರು ಅದರ ಬೆಲೆ ತೆತ್ತರು. ಹುಡುಗಿಗೆ ಉತ್ತರ ಕೊಡಲಾಗದೆ ನೀರು ಕುಡಿದೆ. ಹಡಗಿನ ವಯಸ್ಸಿನ ಜೊತೆಗೆ ಪಕ್ಕದ ಪೆಟ್ಟಿಗೆಯಲ್ಲಿ ಏನಿದೆ, ಸೋರಿದರೆ ಇಳಿಸಿಕೊಳ್ಳುವ ಬಂದರು ದಾರಿಯಲ್ಲಿ ಯಾವುದು ಎಂದೂ ಈಗ ಕೇಳುತ್ತೇನೆ. ಕಂಪನಿಗಳಿಗೆ ಈ ಪ್ರಶ್ನೆ ಇಷ್ಟವಾಗುವುದಿಲ್ಲ.

10. ಹೊರುವವರ ಹತ್ತಿರ ಮಾತಾಡಿ

ಇದನ್ನು ಮೊದಲನೆಯದಾಗಿ ಬರೆಯಬೇಕಿತ್ತು. ಕೊನೆಗೆ ನೆನಪಾದದ್ದೇ ನನ್ನ ದೋಷವನ್ನು ತೋರಿಸುತ್ತದೆ. ಆಫ್ರಿಕಾದ ಗೇರುಬೀಜದ ಗೋಣಿಚೀಲ 80 ಕಿಲೋ. ಒಬ್ಬ ವಯಸ್ಕ ಗಂಡಸು ಕೈಯಾರೆ ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ಈ ಎರಡು ಸಂಖ್ಯೆಗಳನ್ನು ನಾನು ಬಹಳ ವರ್ಷ ಒಂದೇ ಕಾಗದದ ಮೇಲೆ ಬರೆದಿರಲಿಲ್ಲ. ಯಂತ್ರವೋ ಜನವೋ ಎಂಬ ಚರ್ಚೆಯಲ್ಲಿ ಕೂಲಿ ಅಗ್ಗ, ಆದ್ದರಿಂದ ಜನ ಎಂದು ಷರಾ ಹಾಕಿ ಮುಂದೆ ಹೋಗುತ್ತಿದ್ದೆ.

ಎರಡರ ನಡುವೆ ದಾರಿಯಿದೆಯೆಂದು ತೋರಿಸಿದ್ದು ಹಡಗಿನ ಹೊಟ್ಟೆಯೊಳಗೆ ಕೆಲಸ ಮಾಡುವ ಒಬ್ಬ ಮೇಸ್ತ್ರಿ. ಗೋದಾಮಿನಲ್ಲೇ ಇಪ್ಪತ್ತೋ ಮೂವತ್ತೋ ಚೀಲಗಳನ್ನು ಒಂದು ಬಲವಾದ ಪಟ್ಟಿಯೊಳಗೆ ಪೇರಿಸಿಟ್ಟು, ಪಟ್ಟಿ ಸಮೇತ ಕ್ರೇನಿಗೆ ಸಿಕ್ಕಿಸಿ ಏರಿಸುವುದು. ಇಳಿಸುವ ಬಂದರಿನಲ್ಲೂ ಪಟ್ಟಿ ಸಮೇತ ಇಳಿಯುತ್ತದೆ. ಹೊಸ ಹಡಗು ಬೇಡ, ಹೊಸ ಧಕ್ಕೆ ಬೇಡ, ಚೀಲ ಹೊರುವುದು ಹಲವು ಸಲದ ಬದಲು ಎರಡೇ ಸಲ. ಹೊರಗಿನ ಜಗತ್ತು ಇದನ್ನು ಬಹಳ ಹಿಂದಿನಿಂದಲೇ ಬಲ್ಲದು, ನಾನು ಮಾತ್ರ ಅಷ್ಟು ತಡವಾಗಿ ಕೇಳಿದೆ. ಪಟ್ಟಿಗಳು ವಾಪಸು ಬರುವುದಿಲ್ಲ ಎಂಬ ತಕರಾರು ಇದ್ದೇ ಇದೆ. ಕೆಲವು ಹೊಲಗಳ ಬೇಲಿಗೆ ಬಿಗಿದದ್ದನ್ನು ನಾನೇ ನೋಡಿದ್ದೇನೆ.

ಚೀಲದ ತೂಕ ಇಳಿಸುವುದು ಅದಕ್ಕಿಂತ ಕಷ್ಟವಾಯಿತು. ಗೇರು ವ್ಯಾಪಾರದಲ್ಲಿ ಗುಣಮಟ್ಟ ಅಳೆಯುವುದೇ 80 ಕಿಲೋ ಚೀಲದಿಂದ ಎಷ್ಟು ಪೌಂಡ್ ತಿರುಳು ಬಂತು ಎಂಬುದರ ಮೇಲೆ. ಚೀಲ ಬದಲಿಸಿದರೆ ಬೆಲೆಯ ಮಾತೇ ತಡವರಿಸುತ್ತದೆಂದು ಖರೀದಿದಾರರ ವಾದ. ಲೆಕ್ಕವನ್ನು ಕಾಗದದ ಮೇಲೆ 80ಕ್ಕೇ ಇಟ್ಟುಕೊಳ್ಳಿ, ಹೊರುವ ಚೀಲ 50 ಇರಲಿ ಎಂದು ಹೇಳುತ್ತಾ ಬಂದಿದ್ದೇನೆ. ಈ ಋತುವಿಗೆ ಒಬ್ಬರು ಒಪ್ಪಿದ್ದಾರೆ. ಗೋಣಿಯ ಖರ್ಚು ಹೆಚ್ಚಾಯಿತೆಂದು ವಾರಕ್ಕೊಮ್ಮೆ ಫೋನ್ ಮಾಡಿ ಗೊಣಗುತ್ತಾರೆ, ನಾನು ಕೇಳಿಸಿಕೊಳ್ಳುತ್ತೇನೆ.